ಟ್ಯಾಂಕರ್ ಆಪದ್ಬಾಂಧವನಲ್ಲ

ಬೆಂಗಳೂರಿನಲ್ಲಿ ನೀರಿನ ಮಾತು ಬಂದರೆ ಸಾಕು, ಒಂದು ವಾಕ್ಯ ಕೇಳಿಬರುತ್ತದೆ: 'ಟ್ಯಾಂಕರ್‌ನೋರು ಇಲ್ದೇ ಹೋಗಿದ್ರೆ ಈ ಊರಿನ ಗತಿ ಏನಾಗ್ತಿತ್ತು?' ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲೂ ಟಿವಿ ಚರ್ಚೆಯಲ್ಲೂ ಇದೇ ಮಾತು. ನಗರಾಭಿವೃದ್ಧಿಯ ಪಂಡಿತರು ಇದನ್ನೇ ಇನ್ನಷ್ಟು ನಯವಾಗಿ ಹೇಳುತ್ತಾರೆ. ಸರ್ಕಾರದ ಕೊಳವೆ ಎಲ್ಲ ಕಡೆಗೂ ಮುಟ್ಟುವುದಿಲ್ಲ, ಆ ತೆರವನ್ನು ಸಣ್ಣ ಖಾಸಗಿ ಪೂರೈಕೆದಾರರು ತುಂಬುತ್ತಿದ್ದಾರೆ, ಅವರಿಗೆ ಲೈಸೆನ್ಸ್ ಕೊಟ್ಟು, ದರ ಗೊತ್ತುಮಾಡಿ, ಆ್ಯಪ್‌ಗೆ ಸೇರಿಸಿಕೊಂಡು ವ್ಯವಸ್ಥೆಯ ಪಾಲುದಾರರನ್ನಾಗಿ ಮಾಡಿಕೊಳ್ಳಬೇಕು ಎಂಬುದು ಅವರ ವಾದ. 1990ರ ದಶಕದ ಕೊನೆಯಿಂದ ವಿಶ್ವಬ್ಯಾಂಕಿನ ವಲಯದ ಬರಹಗಳಲ್ಲಿ, ಲ್ಯಾಟಿನ್ ಅಮೆರಿಕ ಮತ್ತು ಆಫ್ರಿಕದ ನಗರಗಳ ಉದಾಹರಣೆಗಳೊಂದಿಗೆ ಬೆಳೆದ ವಾದವಿದು. ಈಗ ನಮ್ಮಲ್ಲಿ ಇದನ್ನು ಪ್ರಶ್ನಿಸುವವರೇ ಇಲ್ಲ ಎನ್ನುವಷ್ಟು ಸಲೀಸಾಗಿ ನೆಲೆಯೂರಿದೆ.

ಈ ವಾದ ತಪ್ಪು. ತಪ್ಪು ಎಂದಷ್ಟೇ ಹೇಳಿ ಬಿಡುವಂಥದ್ದಲ್ಲ, ಇದರಿಂದ ಜನರಿಗೆ ಹಾನಿಯಾಗುತ್ತಿದೆ. ಟ್ಯಾಂಕರ್ ನಗರದ ನೀರಿನ ಕೊರತೆಯನ್ನು ನೀಗುತ್ತಿಲ್ಲ. ಆ ಕೊರತೆ ಎಂದೂ ನೀಗದಂತೆ ನೋಡಿಕೊಳ್ಳುತ್ತಿದೆ.

ಮೊದಲು ದುಡ್ಡಿನ ಲೆಕ್ಕ ನೋಡಿ. 2024ರ ಮಾರ್ಚ್‌ನಲ್ಲಿ ನಗರ ಒಣಗಿ ನಿಂತಾಗ, ಟ್ಯಾಂಕರ್ ದರ ಮನಬಂದಂತೆ ಏರಿದ್ದರಿಂದ ಜಿಲ್ಲಾಡಳಿತ ಮಧ್ಯೆ ಪ್ರವೇಶಿಸಿ ಬೆಲೆ ಗೊತ್ತುಮಾಡಿತು. ಐದು ಕಿಲೋಮೀಟರ್ ಒಳಗೆ 6,000 ಲೀಟರಿನ ಲೋಡ್‌ಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ಇದು ಜನರ ಪರವಾದ ಕ್ರಮವೆಂದು ಎಲ್ಲರೂ ಸ್ವಾಗತಿಸಿದರು. ಆಗ ಜಲಮಂಡಳಿಯ ಕೊಳಾಯಿ ನೀರಿಗೆ, ಗೃಹಬಳಕೆಯ ಮೊದಲ 8,000 ಲೀಟರಿನ ಹಂತದಲ್ಲಿ, ಸಾವಿರ ಲೀಟರಿಗೆ ಇದ್ದ ದರ 7 ರೂಪಾಯಿ. ಅಂದರೆ ಕೊಳಾಯಿ ಇದ್ದವನ ಮನೆಗೆ 42 ರೂಪಾಯಿಗೆ ಬರುವಷ್ಟು ನೀರಿಗೆ ಕೊಳಾಯಿ ಇಲ್ಲದವನು 600 ರೂಪಾಯಿ ಕೊಡಬೇಕೆಂದು ಸರ್ಕಾರವೇ ಆದೇಶ ಹೊರಡಿಸಿದಂತಾಯಿತು. ಹದಿನಾಲ್ಕು ಪಟ್ಟು! ಐದು ಜನರ ಒಂದು ಸಂಸಾರಕ್ಕೆ ತಲೆಗೆ 135 ಲೀಟರಿನಂತೆ ತಿಂಗಳಿಗೆ ಸುಮಾರು 20,000 ಲೀಟರ್ ಬೇಕು. ಕೊಳಾಯಿಯಿದ್ದರೆ ಅಂದಿನ ದರದಲ್ಲಿ ನೀರಿನ ಬಾಬ್ತು 188 ರೂಪಾಯಿ, ಮೀಟರು ಒಳಚರಂಡಿ ಎಂದು ಅದರ ಮೇಲೆ ಒಂದಿಷ್ಟು. ಟ್ಯಾಂಕರ್ ಆದರೆ ನಿಗದಿತ ದರದಲ್ಲೇ 2,000 ರೂಪಾಯಿ. ನಿಗದಿತ ದರಕ್ಕೆ ಎಲ್ಲಿ ಸಿಕ್ಕಿತು ಎಂಬುದು ಬೇರೆ ಪ್ರಶ್ನೆ.

ಈ ಹೊರೆಯನ್ನು ಹೊರುತ್ತಿರುವವರು ಯಾರು? ಮಲ್ಲೇಶ್ವರ, ಜಯನಗರ, ಸದಾಶಿವನಗರಗಳಲ್ಲಿ ಹಳೆಯ ಕೊಳಾಯಿಯುಳ್ಳವರಲ್ಲ. ಊರಂಚಿನ ಬಡಾವಣೆಯ ಬಾಡಿಗೆದಾರರು, ವಠಾರದವರು, ಪಿ.ಜಿ.ಯಲ್ಲಿರುವ ಹುಡುಗ ಹುಡುಗಿಯರು, ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು. ಮನೆ ಮಾಲೀಕ ಲೋಡಿನ ದುಡ್ಡನ್ನು ಬಾಡಿಗೆಯ ಜೊತೆ ವಸೂಲಿ ಮಾಡುತ್ತಾನೆ. ಬಾಡಿಗೆದಾರನಿಗೆ ಸಂಘವಿಲ್ಲ, ದೂರು ಕೊಡುವ ಕಚೇರಿಯಿಲ್ಲ. ಬೆಳಿಗ್ಗೆ ಟ್ಯಾಂಕರ್ ನೀರಿನ ಅಪಾರ್ಟ್‌ಮೆಂಟಿನಲ್ಲಿ ಪಾತ್ರೆ ತೊಳೆದು ಬಂದ ಹೆಣ್ಣುಮಗಳು ಸಂಜೆ ತನ್ನ ಬೀದಿಯಲ್ಲಿ ಬಿಂದಿಗೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಾಳೆ. ಆ ಬೇಸಿಗೆಯಲ್ಲಿ ಕೆಲಸಕ್ಕೆ ರಜೆ ಹಾಕಿ ನೀರಿಗೆ ಕಾದವರ ದಿನಗೂಲಿಯನ್ನು ಯಾರ ಲೆಕ್ಕಪುಸ್ತಕದಲ್ಲಿ ಬರೆಯಲಾಗಿದೆ? 'ಸಣ್ಣ ಪೂರೈಕೆದಾರ ಬಡವನನ್ನು ತಲುಪುತ್ತಾನೆ' ಎಂದು ಬರೆಯುವವರು ಯಾವ ಬೆಲೆಗೆ ತಲುಪುತ್ತಾನೆ ಎಂಬುದನ್ನೂ ಅದೇ ಸಾಲಿನಲ್ಲಿ ಬರೆಯಲಿ.

ಹಸಿದವನಿಗೆ ಅನ್ನ ಹಾಕಿದವನನ್ನು ಬಯ್ಯಬಾರದು ಎನ್ನುತ್ತಾರೆ. ಆ ಅನ್ನ ಹಸಿದವನ ಮನೆಯ ಕಣಜದಿಂದಲೇ ತೆಗೆದದ್ದಾಗಿದ್ದರೆ? ಟ್ಯಾಂಕರಿಗೆ ನೀರು ಬೇರೆ ಲೋಕದಿಂದ ಬರುವುದಿಲ್ಲ. ವರ್ತೂರು, ಗುಂಜೂರು, ಸರ್ಜಾಪುರ, ಆನೇಕಲ್ ಕಡೆಯ ತೋಟಗಳ ಬೋರ್‌ವೆಲ್ಲುಗಳಿಂದ ಬರುತ್ತದೆ. ಅದೇ ನೆಲದ ಅಡಿಯಿಂದ ಊರಿನ ಬಾವಿಗೂ, ಪಂಚಾಯಿತಿಯ ಕಿರುನೀರು ತೊಟ್ಟಿಗೂ, ಪಕ್ಕದ ರೈತನ ರಾಗಿ ಹೊಲಕ್ಕೂ ನೀರು ಸಿಗಬೇಕಿತ್ತು. ನಮ್ಮದು ಗಟ್ಟಿಬಂಡೆಯ ನೆಲ. ನೀರು ನಿಲ್ಲುವುದು ಬಂಡೆಯ ಬಿರುಕುಗಳಲ್ಲಿ. ಸಾವಿರ ಅಡಿ ಕೊರೆದವನು ದಿನವಿಡೀ ಎತ್ತಿ ಮಾರಿದರೆ, ಮುನ್ನೂರು ಅಡಿಯ ಬೋರಿನವನ ಮೋಟಾರು ಗಾಳಿ ಎಳೆಯುತ್ತದೆ. ಆಮೇಲೆ ಅವನೂ ಟ್ಯಾಂಕರಿನ ಗಿರಾಕಿಯಾಗುತ್ತಾನೆ. ಈ ವ್ಯಾಪಾರ ತನ್ನ ಗಿರಾಕಿಗಳನ್ನು ತಾನೇ ಸೃಷ್ಟಿಸಿಕೊಳ್ಳುತ್ತಿದೆ. ಕೇಂದ್ರ ಅಂತರ್ಜಲ ಮಂಡಳಿ ಬೆಂಗಳೂರು ನಗರ ಜಿಲ್ಲೆಯನ್ನು 'ಅತಿಬಳಕೆ'ಯ ಪಟ್ಟಿಯಲ್ಲಿ ಇಟ್ಟಿದೆ, ಅಂದರೆ ಮಳೆ ಇಂಗಿಸಿದ್ದಕ್ಕಿಂತ ಹೆಚ್ಚು ನೀರನ್ನು ನಾವು ಎತ್ತುತ್ತಿದ್ದೇವೆ. 2024ರಲ್ಲಿ ನಗರದ ಸುಮಾರು 14,000 ಸರ್ಕಾರಿ ಬೋರ್‌ವೆಲ್ಲುಗಳಲ್ಲಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿಗಳೇ ಹೇಳಿದರು. ಸಾರ್ವಜನಿಕ ಬೋರು ಬತ್ತಿದ ಅದೇ ವಾರಗಳಲ್ಲಿ ಖಾಸಗಿ ಟ್ಯಾಂಕರುಗಳು ತುಂಬಿ ಓಡಾಡುತ್ತಿದ್ದವು. ಆ ನೀರು ಯಾರದು ಎಂದು ಕೇಳಿದವರೆಷ್ಟು ಮಂದಿ?

ಯಾರದು ಎಂದರೆ, ನೆಲ ಯಾರದೋ ಅವರದು ಎನ್ನುತ್ತದೆ 1882ರ ಈಸ್‌ಮೆಂಟ್ಸ್ ಕಾಯಿದೆಯಿಂದ ಬಂದ ರೂಢಿ. ಹಗ್ಗ ರಾಟೆ ಏತಗಳ ಕಾಲದ ಕಾನೂನು ಅದು. ಸಬ್‌ಮರ್ಸಿಬಲ್ ಪಂಪಿನ ಕಾಲದಲ್ಲೂ ನಾವು ಅದಕ್ಕೇ ಜೋತುಬಿದ್ದಿದ್ದೇವೆ. ನಮ್ಮದೇ ರಾಜ್ಯ 2011ರಲ್ಲಿ ಅಂತರ್ಜಲ ನಿಯಂತ್ರಣ ಕಾಯಿದೆ ಮಾಡಿದೆ. ಅಧಿಸೂಚಿತ ಪ್ರದೇಶದಲ್ಲಿ ಬೋರ್‌ವೆಲ್ ಬಳಕೆದಾರರೂ ಕೊರೆಯುವ ರಿಗ್ಗಿನವರೂ ನೋಂದಾಯಿಸಿಕೊಳ್ಳಬೇಕು, ಅನುಮತಿ ಪಡೆಯಬೇಕು. ಆದರೆ 2024ರ ಮಾರ್ಚ್ ಮೊದಲ ವಾರದಲ್ಲಿ, ಕಾಯಿದೆ ಬಂದು ಹದಿಮೂರು ವರ್ಷಗಳಾದ ಮೇಲೆ, ನಗರದ ಸುಮಾರು 3,500 ಟ್ಯಾಂಕರುಗಳಲ್ಲಿ ಸರ್ಕಾರದ ಬಳಿ ನೋಂದಣಿಯಾಗಿದ್ದವು 219 ಮಾತ್ರ. ಎಷ್ಟು ಟ್ಯಾಂಕರು, ಯಾವ ಬೋರಿನಿಂದ, ದಿನಕ್ಕೆ ಎಷ್ಟು ನೀರು ಎತ್ತಿ, ಎಲ್ಲಿ ಸುರಿಯುತ್ತಿದೆ ಎಂಬ ಮೂಲಭೂತ ಲೆಕ್ಕವೇ ಸರ್ಕಾರದಲ್ಲಿ ಇರಲಿಲ್ಲ. ಕೃಷಿ ಪಂಪ್‌ಸೆಟ್ಟಿಗೆಂದು ಹತ್ತು ಅಶ್ವಶಕ್ತಿಯವರೆಗೆ ಉಚಿತವಾಗಿ ಕೊಡುವ ವಿದ್ಯುತ್ತಿನಿಂದ ಟ್ಯಾಂಕರ್ ತುಂಬಿಸಿದರೆ ಅದನ್ನು ಹಿಡಿಯುವವರು ಯಾರು? ಬೋರಿಗೆ ಮೀಟರಿಲ್ಲ, ಟ್ಯಾಂಕರಿಗೆ ದಾಖಲೆಯಿಲ್ಲ, ತೆರಿಗೆದಾರನ ದುಡ್ಡಿನ ಕರೆಂಟು, ಊರೆಲ್ಲರ ಅಂತರ್ಜಲ. ಇಷ್ಟೂ ಸಾರ್ವಜನಿಕ ಸ್ವತ್ತನ್ನು ಬಳಸಿ ಬಂದ ಲಾಭ ಮಾತ್ರ ಖಾಸಗಿ. ಇದನ್ನು ಸ್ವಂತ ದುಡಿಮೆಯ ಉದ್ಯಮಶೀಲತೆ ಎಂದು ಕೊಂಡಾಡಲು ನನ್ನಿಂದಾಗದು.

'ಪಾಪ, ಅವರೂ ಸಣ್ಣವರು, ಲಾರಿ ಸಾಲದ ಕಂತು ಕಟ್ಟಬೇಕು' ಎನ್ನುವವರಿದ್ದಾರೆ. ಸಣ್ಣವರ ಮೇಲೆ ನನಗೆ ದ್ವೇಷವಿಲ್ಲ. ನಮ್ಮ ಕೆರೆ ವ್ಯವಸ್ಥೆಯಲ್ಲಿ ನೀರುಗಂಟಿ ಇದ್ದ. ಅವನೂ ಸರ್ಕಾರಿ ನೌಕರನಲ್ಲ, ಸಣ್ಣವನೇ, ಸ್ಥಳೀಯನೇ. ತೂಬು ಎತ್ತುವುದು, ಸರದಿಯಂತೆ ಗದ್ದೆಗೆ ನೀರು ಬಿಡುವುದು ಅವನ ಕೆಲಸ. ಸುಗ್ಗಿಯಲ್ಲಿ ಊರವರು ಕೊಟ್ಟ ಕಾಳು ಅವನ ಸಂಬಳ. ಆದರೆ ಕೆರೆ ಅವನದಾಗಿರಲಿಲ್ಲ. ನೀರಿಗೆ ಬೆಲೆ ಕಟ್ಟುವ ಹಕ್ಕು ಅವನಿಗಿರಲಿಲ್ಲ. ಬರ ಬಂದ ವರ್ಷ ಹೆಚ್ಚು ಕೊಟ್ಟವನ ಗದ್ದೆಗೆ ಮೊದಲು ಬಿಡುತ್ತೇನೆ ಎನ್ನುವಂತಿರಲಿಲ್ಲ. ಆ ವ್ಯವಸ್ಥೆಯಲ್ಲಿ ಜಾತಿಯ ಅನ್ಯಾಯವಿತ್ತು, ಅದನ್ನು ಮರಳಿ ತರಬೇಕೆಂದು ನಾನು ಹೇಳುತ್ತಿಲ್ಲ. ಹಂಚುವ ಕೆಲಸ ಸಣ್ಣವನ ಕೈಯಲ್ಲಿದ್ದರೂ ನೀರು, ಬೆಲೆ, ಸರದಿ ಈ ಮೂರೂ ಅವನ ಕೈಯಲ್ಲಿರಲಿಲ್ಲ ಎಂಬುದನ್ನು ಮಾತ್ರ ಗಮನಿಸಿ. ಟ್ಯಾಂಕರಿನವನ ಕೈಯಲ್ಲಿ ಮೂರೂ ಇವೆ. ಬೇಸಿಗೆಯಲ್ಲಿ ಫೋನ್ ಎತ್ತದೇ ಇರುವ ಹಕ್ಕೂ ಅವನಿಗಿದೆ.

ಸ್ಪರ್ಧೆ ಇದ್ದರೆ ಬೆಲೆ ಇಳಿಯುತ್ತದೆ ಎಂಬ ಪಾಠವನ್ನು ಇಲ್ಲಿ ಒಪ್ಪಿಸುವವರು ಖಾಲಿ ಸಂಪಿನ ಮುಂದೆ ನಿಂತು ಚೌಕಾಸಿ ಮಾಡಿ ನೋಡಲಿ. ತರಕಾರಿ ದುಬಾರಿಯಾದರೆ ಬೇಳೆ ಸಾರಿನಲ್ಲಿ ದಿನ ಕಳೆಯಬಹುದು, ನೀರಿಗೆ ಬದಲಿ ಏನಿದೆ? ಎಷ್ಟೋ ಬಡಾವಣೆಗಳಲ್ಲಿ ಒಬ್ಬರ ಏರಿಯಾಕ್ಕೆ ಇನ್ನೊಬ್ಬರು ಲೋಡ್ ತರುವುದಿಲ್ಲ ಎಂಬುದು ಅಲ್ಲಿ ವಾಸಿಸುವವರಿಗೆಲ್ಲ ಗೊತ್ತಿರುವ ಸಂಗತಿ. ಒಟ್ಟಾಗಿ ನಿಂತರೆ ಇವರ ಬಲ ಎಷ್ಟೆಂಬುದನ್ನು ಮುಂಬೈ 2025ರ ಏಪ್ರಿಲ್‌ನಲ್ಲಿ ಕಂಡಿತು. ಕೇಂದ್ರ ಅಂತರ್ಜಲ ಪ್ರಾಧಿಕಾರದ ನಿಯಮಗಳನ್ನು ಪಾಲಿಸಿ ಎಂದು ಪಾಲಿಕೆ ಬಾವಿ ಮಾಲೀಕರಿಗೆ ನೋಟಿಸ್ ಕೊಟ್ಟಿತು. ಟ್ಯಾಂಕರ್ ಮಾಲೀಕರ ಸಂಘ 10ನೇ ತಾರೀಕಿನಿಂದ ಮುಷ್ಕರ ಹೂಡಿತು. ವಸತಿ ಸಂಕೀರ್ಣಗಳಲ್ಲಿ ಹಾಹಾಕಾರವೆದ್ದಿತು. ನೋಟಿಸುಗಳನ್ನು ತಡೆಹಿಡಿಯಲಾಯಿತು, ಆದರೂ ಮುಷ್ಕರ ನಿಲ್ಲಲಿಲ್ಲ. ಕೊನೆಗೆ ಪಾಲಿಕೆ ವಿಪತ್ತು ನಿರ್ವಹಣಾ ಕಾಯಿದೆಯನ್ನೇ ಎತ್ತಿಕೊಂಡು ಬಾವಿಗಳನ್ನೂ ಟ್ಯಾಂಕರುಗಳನ್ನೂ ವಶಕ್ಕೆ ತೆಗೆದುಕೊಳ್ಳುತ್ತೇವೆ ಎಂದ ಮೇಲೆ ದಾರಿಗೆ ಬಂದರು. ದೇಶದ ಅತಿ ಶ್ರೀಮಂತ ಪಾಲಿಕೆ, ಇದ್ದ ಒಂದು ನಿಯಮವನ್ನು ಜಾರಿ ಮಾಡಲು ಹೋಗಿ ಪಟ್ಟ ಪಾಡಿದು. 'ಲೈಸೆನ್ಸ್ ಕೊಟ್ಟು ನಿಯಂತ್ರಿಸೋಣ' ಎನ್ನುವವರು ಮುಂಬೈಯ ಆ ನಾಲ್ಕೈದು ದಿನಗಳ ಬಗ್ಗೆ ಏನು ಹೇಳುತ್ತಾರೆ? ನಗರದ ಗಂಟಲು ಒಬ್ಬರ ಕೈಯಲ್ಲಿರುವಾಗ, ಅವರನ್ನು ನಿಯಂತ್ರಿಸುತ್ತೇವೆ ಎಂಬ ಮಾತಿಗೆ ಅರ್ಥವಿದೆಯೇ?

ನೀರಿನ ಗುಣದ ವಿಚಾರದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಕುಡಿಯುವ ನೀರಿಗೆ ಐಎಸ್ 10500 ಎಂಬ ಮಾನದಂಡವಿದೆ. ನಿಮ್ಮ ಸಂಪಿಗೆ ಇಳಿಯುವ ಲೋಡು ಅದಕ್ಕೆ ಸರಿಹೊಂದುತ್ತದೆಂದು ಎಂದಾದರೂ ಯಾರಾದರೂ ಚೀಟಿ ತೋರಿಸಿದ್ದಾರೆಯೇ? ಆ ನೀರು ಕುಡಿಯಲಾಗದು ಎಂಬುದು ಕೊಳ್ಳುವವರಿಗೂ ಗೊತ್ತು. ಹಾಗಾಗಿಯೇ ಅದರ ಮೇಲೆ ಇಪ್ಪತ್ತು ಲೀಟರಿನ ಕ್ಯಾನ್ ತರಿಸುತ್ತಾರೆ, ಇಲ್ಲವೇ ಆರ್‌ಒ ಹಾಕಿಸಿ ಬಂದ ನೀರಿನಲ್ಲಿ ದೊಡ್ಡ ಪಾಲನ್ನು ಚರಂಡಿಗೆ ಬಿಡುತ್ತಾರೆ. ಒಂದೇ ಮನೆಗೆ ಎರಡು ಸಲ ನೀರು ಮಾರಾಟವಾಗುತ್ತಿದೆ.

ಇವೆಲ್ಲಕ್ಕಿಂತ ದೊಡ್ಡ ಆರೋಪವೊಂದಿದೆ.

2007ರಲ್ಲಿ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಾಡಿದರು. ಆ ಹಳ್ಳಿಗಳಿಗೆ ಕಾವೇರಿ ನೀರು ತರುವ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ಹದಿನೇಳು ವರ್ಷ! ನಗರಸಭೆಗಳ ಪ್ರದೇಶದ ಜನ ಅದಕ್ಕೂ ಮುಂಚೆ, ಕೊಳವೆ ಹಾಕುವ ಯೋಜನೆಗೆಂದು ಮುಂಗಡವಾಗಿ ವಂತಿಗೆ ಕಟ್ಟಿ ವರ್ಷಗಟ್ಟಲೆ ಕಾದಿದ್ದರು. ಈ ಹದಿನೇಳು ವರ್ಷಗಳಲ್ಲಿ ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಕನಕಪುರ ರಸ್ತೆ, ಥಣಿಸಂದ್ರಗಳಲ್ಲಿ ಎಷ್ಟು ಗೋಪುರಗಳು ಎದ್ದವು? ಅವುಗಳ ನಕ್ಷೆಗೆ ಸಹಿ ಹಾಕಿದವರು ನೀರು ಎಲ್ಲಿಂದ ಬರುತ್ತದೆಂದು ಕೇಳಲಿಲ್ಲವೇ? ಕೇಳುವ ಅಗತ್ಯವೇ ಬೀಳಲಿಲ್ಲ, ಯಾಕೆಂದರೆ 'ಕಾವೇರಿ ಬರುವವರೆಗೆ ಬೋರು, ಟ್ಯಾಂಕರು' ಎಂಬ ಉತ್ತರ ಸಿದ್ಧವಾಗಿತ್ತು. ಟ್ಯಾಂಕರ್ ಇಲ್ಲದಿದ್ದರೆ ನೀರಿಲ್ಲದ ಕಡೆ ಫ್ಲ್ಯಾಟ್ ಮಾರಲು ಬಿಲ್ಡರಿಗೆ ಆಗುತ್ತಿರಲಿಲ್ಲ, ಅನುಮತಿ ಕೊಡಲು ಅಧಿಕಾರಿಗೆ ಧೈರ್ಯ ಬರುತ್ತಿರಲಿಲ್ಲ. ಸರ್ಕಾರ ಸೋತ ಕಡೆ ಟ್ಯಾಂಕರ್ ಬಂದಿತು ಎಂಬುದು ಅರ್ಧ ಸತ್ಯ. ಟ್ಯಾಂಕರ್ ಬರುತ್ತದೆಂಬ ನೆಚ್ಚಿಕೆಯಿಂದಲೇ ಸರ್ಕಾರ ಸೋಲಲು ಸಾಧ್ಯವಾಯಿತು.

ಸಂಪು ಖಾಲಿಯಾದಾಗ ಜನ ಸಿಟ್ಟಾಗುತ್ತಾರೆ. ಆ ಸಿಟ್ಟು ರಸ್ತೆಗಿಳಿದು ಜಲಮಂಡಳಿಯ ಬಾಗಿಲಿಗೆ, ಶಾಸಕರ ಮನೆಗೆ ಹೋಗಬೇಕು. ಅಷ್ಟರಲ್ಲಿ ಲೋಡ್ ಬರುತ್ತದೆ. ಸಂಪು ತುಂಬುತ್ತದೆ, ಸಿಟ್ಟು ಇಳಿಯುತ್ತದೆ, ಖರ್ಚು ಮೆಂಟೆನೆನ್ಸ್ ಬಿಲ್ಲಿಗೆ ಸೇರುತ್ತದೆ. ದನಿಯೆತ್ತಿ ಮಾತಾಡಬಲ್ಲ, ಕೋರ್ಟಿಗೆ ಹೋಗಬಲ್ಲ, ಪತ್ರಿಕೆಗೆ ಬರೆಯಬಲ್ಲ ಮಧ್ಯಮವರ್ಗ ಹೀಗೆ ಕಾಸು ಕೊಟ್ಟು ಸುಮ್ಮನಾದ ಮೇಲೆ, ಕಾಸಿಲ್ಲದವನ ಪರವಾಗಿ ಕೂಗಲು ಯಾರು ಉಳಿದರು? ಇತ್ತ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೇ ಮುಗಿದಿತ್ತು. 2024ರ ಬರಗಾಲದಲ್ಲಿ ವಾರ್ಡಿನ ಜನ ಕೊಡ ಹಿಡಿದು ಹೋಗಿ ಕೇಳಲು ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ. ಸಂವಿಧಾನದ ಹನ್ನೆರಡನೇ ಅನುಸೂಚಿ ನೀರು ಪೂರೈಕೆಯನ್ನು ನಗರ ಸ್ಥಳೀಯ ಸಂಸ್ಥೆಗಳ ಕೆಲಸಗಳ ಪಟ್ಟಿಯಲ್ಲಿ ಇಟ್ಟಿದೆ. ಶುದ್ಧ ನೀರು ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿದೆ. ಹಕ್ಕನ್ನು ಸರ್ಕಾರದಿಂದ ಕೇಳಿ ಪಡೆಯಬಹುದು. ಟ್ಯಾಂಕರಿನವನಿಂದ ಕೇಳಿ ಪಡೆಯುವ ಹಕ್ಕು ಯಾವುದಿದೆ? ನಾಗರಿಕನನ್ನು ಗಿರಾಕಿಯಾಗಿ ಇಳಿಸಿದ್ದೇ ಈ ವ್ಯವಸ್ಥೆ ಮಾಡಿದ ಅತಿದೊಡ್ಡ ಅನ್ಯಾಯ.

ಐದನೇ ಹಂತದಿಂದ ದಿನಕ್ಕೆ 775 ದಶಲಕ್ಷ ಲೀಟರ್ ನೀರು ಬಂದ ಮೇಲೆ ಆದದ್ದನ್ನೂ ನೋಡಿ. ನೂರು ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆತ್ತಿ ತಂದ ನೀರು. ಆದರೆ ಸಂಪರ್ಕ ಪಡೆಯಲು ಜನ ನಿರೀಕ್ಷಿಸಿದಷ್ಟು ಮುಂದೆ ಬರಲಿಲ್ಲ. ಜಲಮಂಡಳಿ ಅಭಿಯಾನ ನಡೆಸಬೇಕಾಯಿತು, ಶುಲ್ಕವನ್ನು ಕಂತಿನಲ್ಲಿ ಕಟ್ಟಲು 'ಸರಳ ಕಾವೇರಿ' ಎಂಬ ಯೋಜನೆ ತರಬೇಕಾಯಿತು. ಲಕ್ಷಗಟ್ಟಲೆ ರೂಪಾಯಿಯ ಸಂಪರ್ಕ ಶುಲ್ಕ ಒಂದೇ ಸಲಕ್ಕೆ ಕಣ್ಣಿಗೆ ಬೀಳುತ್ತದೆ. ಲೋಡಿನ ದುಡ್ಡು ಬಿಡಿಬಿಡಿಯಾಗಿ ಹೋಗುವುದರಿಂದ ಕಾಣುವುದಿಲ್ಲ. ಟ್ಯಾಂಕರಿಗೆ ಒಗ್ಗಿಹೋದ ನಗರ ಕೊಳಾಯಿ ಮನೆ ಬಾಗಿಲಿಗೆ ಬಂದರೂ ಅದನ್ನು ಒಳಗೆ ಕರೆಯಲು ಹಿಂಜರಿಯಿತು. 'ಇದು ತಾತ್ಕಾಲಿಕ ವ್ಯವಸ್ಥೆ' ಎಂದು ಎರಡು ದಶಕಗಳಿಂದ ಹೇಳುತ್ತಿರುವವರು ಇದಕ್ಕೆ ಉತ್ತರ ಹೇಳಬೇಕು.

ಜಲಮಂಡಳಿಯ ಕೈಲಾಗುವುದಿಲ್ಲ, ಪೈಪಿನಲ್ಲಿ ಸೋರಿಕೆ, ಕಚೇರಿಯಲ್ಲಿ ಲಂಚ ಎನ್ನುತ್ತೀರಾ? ಸೋರಿಕೆ ಇದೆ. ಪಂಪ್ ಮಾಡಿದ ನೀರಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚಿನದಕ್ಕೆ ದುಡ್ಡೇ ಹುಟ್ಟುವುದಿಲ್ಲ. ಆದರೆ ಅದು ಕೊಳವೆಯನ್ನು ರಿಪೇರಿ ಮಾಡಲು ಕಾರಣವಾಗಬೇಕೇ ಹೊರತು ಕೊಳವೆಯನ್ನೇ ಕೈಬಿಡಲು ಅಲ್ಲ. ವಾರಕ್ಕೊಮ್ಮೆ ನೀರು ಬಂದರೆ ಹೆಚ್ಚು ಎನ್ನುವಂತಿದ್ದ ಹುಬ್ಬಳ್ಳಿ-ಧಾರವಾಡದಲ್ಲಿ, ಬೆಳಗಾವಿ ಮತ್ತು ಕಲಬುರಗಿಯಲ್ಲಿ, 2008ರ ಹೊತ್ತಿಗೆ ಕೆಲವು ವಾರ್ಡುಗಳಿಗೆ ಹೊಸ ಕೊಳವೆ ಹಾಕಿ ದಿನದ ಇಪ್ಪತ್ನಾಲ್ಕು ಗಂಟೆಯೂ ನೀರು ಕೊಟ್ಟು ತೋರಿಸಲಾಯಿತು. ಅದನ್ನು ನಡೆಸಿದ್ದು ವಿದೇಶಿ ಕಂಪನಿಯೊಂದು, ಆ ಬಗ್ಗೆ ನನಗೆ ತಕರಾರುಗಳಿವೆ. ಆದರೂ ಕೊಳವೆ ಸಾರ್ವಜನಿಕರದ್ದಾಗಿತ್ತು, ಮನೆಗೆ ಮೀಟರಿತ್ತು, ಕೊಡಲೇಬೇಕೆಂಬ ಕರಾರಿತ್ತು. ಒಡಿಶಾದ ಪುರಿ ಹಣವಂತರ ಮಹಾನಗರವಲ್ಲ, ಯಾತ್ರಾಸ್ಥಳ. 2021ರ ಜುಲೈಯಲ್ಲಿ ಅಲ್ಲಿ ಕೊಳಾಯಿಯಿಂದಲೇ ಬಾಯಿಟ್ಟು ಕುಡಿಯಬಹುದಾದ ನೀರನ್ನು ದಿನವಿಡೀ ಸರ್ಕಾರಿ ವ್ಯವಸ್ಥೆಯೇ ಕೊಡತೊಡಗಿತು. ಪುರಿಗೆ ಸಾಧ್ಯವಾದದ್ದು ತಂತ್ರಜ್ಞಾನದ ರಾಜಧಾನಿ ಎನಿಸಿಕೊಂಡ ಊರಿಗೆ ಯಾಕೆ ಅಸಾಧ್ಯ?

2025ರಲ್ಲಿ ಜಲಮಂಡಳಿಯೇ 'ಸಂಚಾರಿ ಕಾವೇರಿ' ಎಂದು ಟ್ಯಾಂಕರಿನಲ್ಲಿ ಕಾವೇರಿ ನೀರು ತಂದುಕೊಡಲು ತೊಡಗಿದೆ. ಶುದ್ಧ ನೀರು, ಗೊತ್ತಾದ ದರ, ಉತ್ತರ ಹೇಳುವ ಕಚೇರಿ. ಖಾಸಗಿ ಲೋಡಿಗಿಂತ ಇದು ಎಷ್ಟೋ ಮೇಲು. ಹಾಗೆಂದು ಮಂಡಳಿಯೂ ಗಾಲಿಯ ಮೇಲೆ ನೀರು ಮಾರುವುದನ್ನೇ ಸಾಧನೆ ಎಂದುಕೊಂಡರೆ ಕೊಳವೆ ಹಾಕುವ ಕೆಲಸ ಇನ್ನೂ ಹತ್ತು ವರ್ಷ ಹಿಂದೆ ಬೀಳುತ್ತದೆ. ಬೆಂಕಿ, ಬರ, ಕೊಳವೆ ಒಡೆದ ದಿನ, ಇಂಥ ಆಪತ್ತಿಗೆ ಮಾತ್ರ ಟ್ಯಾಂಕರ್ ಇರಲಿ. ಅದೂ ಜಲಮಂಡಳಿಯ ಗುತ್ತಿಗೆಯಲ್ಲಿ, ಜಲಮಂಡಳಿಯ ನೀರನ್ನು, ಜಲಮಂಡಳಿಯ ದರದಲ್ಲಿ ಸಾಗಿಸಲಿ. ಈಗ ಲಾರಿ ಓಡಿಸುತ್ತಿರುವವರ ಅನ್ನ ಅದರಿಂದ ನಿಲ್ಲುವುದಿಲ್ಲ. ನಿಲ್ಲಬೇಕಾದದ್ದು ಅಂತರ್ಜಲದ ಮಾರಾಟ.

ನೀರು ಮಾರುವ ಪ್ರತಿ ಬೋರಿಗೂ ಮೀಟರು ಬೀಳಲಿ, ದಿನದ ಲೆಕ್ಕ ಸಾರ್ವಜನಿಕರಿಗೆ ಸಿಗಲಿ, 2011ರ ಕಾಯಿದೆ ಕಪಾಟಿನಿಂದ ಹೊರಬರಲಿ. ಕೊಳಾಯಿ ಸಂಪರ್ಕ ಕೊಡುತ್ತೇವೆಂದು ಜಲಮಂಡಳಿ ದಿನಾಂಕ ಸಹಿತ ಬರೆದುಕೊಡದ ಹೊರತು ಒಂದೇ ಒಂದು ಹೊಸ ಅಪಾರ್ಟ್‌ಮೆಂಟಿಗೂ ನಕ್ಷೆ ಮಂಜೂರಾಗಬಾರದು. ಇದರಿಂದ ರಿಯಲ್ ಎಸ್ಟೇಟ್ ನಿಂತುಹೋಗುತ್ತದೆ ಎಂಬ ಕೂಗೇಳುತ್ತದೆ. ನೀರಿಲ್ಲದ ಕಡೆ ಮನೆ ಕಟ್ಟುವುದು ನಿಂತುಹೋಗಲಿ. ಕೊಳೆಗೇರಿಯವರಿಗೆ ಹಕ್ಕುಪತ್ರ ಕೇಳದೆ, ಶುಲ್ಕ ಕೇಳದೆ ಮನೆಮನೆಗೂ ಕೊಳಾಯಿ ಕೊಡಬೇಕು. ಇಷ್ಟು ವರ್ಷ ಹದಿನಾಲ್ಕು ಪಟ್ಟು ಕೊಟ್ಟವರಿಂದ ಮತ್ತೆ ಠೇವಣಿ ಕೇಳಲು ಸರ್ಕಾರಕ್ಕೆ ಯಾವ ನೈತಿಕ ಹಕ್ಕೂ ಇಲ್ಲ. ದೊಡ್ಡ ಅಪಾರ್ಟ್‌ಮೆಂಟುಗಳು ಮಾತ್ರ ಕಂತಿನಲ್ಲಾದರೂ ಕಟ್ಟಲೇಬೇಕು, ಕಾವೇರಿ ಕೊಳವೆ ಮುಂದೆ ಹಾದುಹೋದ ಮೇಲೂ ಟ್ಯಾಂಕರ್ ತರಿಸುವವರಿಗೆ ದಂಡ ಬೀಳಬೇಕು.

ಬೆಂಗಳೂರಿಗೆ ಈಗ ಐದು ಪಾಲಿಕೆಗಳಾಗಿವೆ. ಮತ ಕೇಳಲು ನಿಮ್ಮ ಬಾಗಿಲಿಗೆ ಬಂದವರು ಬೇಸಿಗೆಯಲ್ಲಿ ಉಚಿತ ಟ್ಯಾಂಕರ್ ಕಳಿಸುತ್ತೇನೆ ಎಂದರೆ ಕೈಮುಗಿದು ಒಪ್ಪಿಕೊಳ್ಳಬೇಡಿ. ನಿಮ್ಮ ವಾರ್ಡಿನಲ್ಲಿ ಕೊನೆಯ ಖಾಸಗಿ ಟ್ಯಾಂಕರ್ ನಿಲ್ಲುವುದು ಯಾವ ವರ್ಷ, ಯಾವ ತಿಂಗಳು ಎಂದು ಕೇಳಿ. ಬರೆದು ಸಹಿ ಹಾಕಿ ಕೊಡಲು ಹೇಳಿ. ಕೊಡದವರಿಗೆ ನಿಮ್ಮ ಮತ ಕೊಡಬೇಡಿ.